ಕಡಲಿಗೆ ಎಣ್ಣೆ ಬಿದ್ದರೆ ತೋಟದ ದಣಪೆ ತೆಗೆಸುವವರು ಯಾರು?



ಈ ಬಾರಿಯ ವಿಷಯ ಸ್ವಲ್ಪ ವಿಚಿತ್ರದ್ದು. ಬಾನುಲಿಯಲ್ಲಿ ಎರಡು ಹಾಡುಗಳ ನಡುವೆ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಈ ಪುಟಕ್ಕೆ ತಂದಿದ್ದೇವೆ. ಒಂದು ಪ್ರಶ್ನೆಯಿಂದ ಶುರು ಮಾಡೋಣ.

ಕಾರವಾರದ ಮಾಜಾಳಿಯಲ್ಲೋ, ಅಂಕೋಲೆಯ ಬೇಲೆಕೇರಿಯಲ್ಲೋ, ಇಲ್ಲ ಉಳ್ಳಾಲದ ಕಡೆಯೋ ನಿಮ್ಮ ಹಿರಿಯರದೊಂದು ತೆಂಗಿನ ತೋಟ ಇದೆ ಎಂದುಕೊಳ್ಳಿ. ನೀವು ಪುಣೆಯಲ್ಲಿ ನೌಕರಿಯಲ್ಲಿದ್ದೀರಿ, ಊರಲ್ಲಿ ಚಿಕ್ಕಪ್ಪ ನೋಡಿಕೊಳ್ಳುತ್ತಾರೆ. ತೋಟದ ಆಚೆ ಬೇಲಿ, ಬೇಲಿಯ ಆಚೆ ಮರಳು, ಮರಳಿನ ಆಚೆ ಸಮುದ್ರ. ಒಂದು ಮುಂಜಾನೆ ಇಪ್ಪತ್ತು ಜನ ಸಲಿಕೆ, ಡ್ರಮ್ಮು, ಪ್ಲಾಸ್ಟಿಕ್ ಹಾಳೆ ಹಿಡಿದು ಗೇಟಿನ ಮುಂದೆ ನಿಂತಿದ್ದಾರೆ. ಹಿಂದೆ ಒಂದು ಜೆಸಿಬಿ. “ಹಡಗು ಒಡೆದಿದೆ, ಎಣ್ಣೆ ದಡಕ್ಕೆ ಬಂದಿದೆ, ನಿಮ್ಮ ತೋಟದೊಳಗಿಂದ ಹೋಗಬೇಕು, ಈ ಮೂಲೆಯಲ್ಲಿ ಒಂದು ಗುಂಡಿ ತೋಡಬೇಕು” ಎನ್ನುತ್ತಾರೆ. ಚಿಕ್ಕಪ್ಪ ಫೋನ್ ಮಾಡಿ ಕೇಳುತ್ತಾರೆ: “ತಮಾ, ಬಿಡಬೇಕೋ ಬೇಡವೋ?”

ನೀವು ಏನು ಹೇಳುತ್ತೀರಿ?

ಇದು ಸುಮ್ಮನೆ ಕಟ್ಟಿದ ಕತೆ ಅನಿಸಿದರೆ 2006ನೇ ಇಸವಿ ನೆನಪು ಮಾಡಿಕೊಳ್ಳಿ. ಆ ವರ್ಷ ಮೇ 30ರಂದು ಪನಾಮಾ ಧ್ವಜದ ‘ಓಷನ್ ಸೆರಾಯಾ’ ಎಂಬ ಸರಕು ಹಡಗು ಕಾರವಾರದ ಹತ್ತಿರ, ದೇವಗಡ ದ್ವೀಪದ ಸುತ್ತಿನ ಆಯ್‌ಸ್ಟರ್ ರಾಕ್ಸ್ ಬಂಡೆಗಳಿಗೆ ಸಿಕ್ಕಿಕೊಂಡಿತು. ಮುಂಗಾರಿನ ಅಲೆ ಅದನ್ನು ಒಡೆದು ಹಾಕಿತು. ಹೊಟ್ಟೆಯಲ್ಲಿದ್ದ ನೂರಾರು ಟನ್ ಇಂಧನ ತೈಲ ಕಾರವಾರದ ದಡಕ್ಕೂ ಬಂತು, ಗಡಿ ದಾಟಿ ದಕ್ಷಿಣ ಗೋವೆಯ ಕಡಲತೀರಕ್ಕೂ ಹೋಯಿತು. ಎಣ್ಣೆಗೆ ರಾಜ್ಯದ ಗಡಿ ಗೊತ್ತಿಲ್ಲ, ಸರ್ವೆ ನಂಬರು ಮೊದಲೇ ಗೊತ್ತಿಲ್ಲ.

ತೋಟದ ಪ್ರಶ್ನೆ ಯಾಕೆ ಬರುತ್ತದೆ ಎಂದರೆ, ಸಮುದ್ರದಲ್ಲಿ ಬಿದ್ದ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ. ಅಲೆಗೆ ಕಡೆದು ಕಡೆದು ನೀರು ಕುಡಿದು ಕಂದು ಬಣ್ಣದ ಗಸಿಯಂತಾಗುತ್ತದೆ. ಗಾತ್ರ ಮೂರು ನಾಲ್ಕು ಪಟ್ಟು ಹಿಗ್ಗುತ್ತದೆ. ದಡಕ್ಕೆ ಬಂದ ಮೇಲೆ ಮರಳು, ಪಾಚಿ, ಕಸಕಡ್ಡಿ ಎಲ್ಲವನ್ನೂ ಮೆತ್ತಿಕೊಳ್ಳುತ್ತದೆ. 1999ರ ಡಿಸೆಂಬರಿನಲ್ಲಿ ಫ್ರಾನ್ಸಿನ ಬ್ರಿಟನಿ ಕರಾವಳಿಯಲ್ಲಿ ‘ಎರಿಕಾ’ ಎಂಬ ಟ್ಯಾಂಕರ್ ಮುರಿದಾಗ ಚೆಲ್ಲಿದ್ದು ಸುಮಾರು 20,000 ಟನ್. ದಡದಿಂದ ಬಾಚಿ ತೆಗೆದ ಎಣ್ಣೆ-ಕಸ ಎರಡು ಲಕ್ಷ ಟನ್ ದಾಟಿತು. ಅಷ್ಟನ್ನೂ ಎತ್ತಲು ದಾರಿ ಬೇಕು, ತಾತ್ಕಾಲಿಕವಾಗಿ ಸುರಿಯಲು ಜಾಗ ಬೇಕು. ನೀರು ಸರ್ಕಾರದ್ದು, ಮರಳ ಪಟ್ಟಿಯೂ ಹೆಚ್ಚುಕಡಿಮೆ ಸರ್ಕಾರದ್ದೇ. ಆದರೆ ಅಲ್ಲಿಗೆ ಹೋಗುವ ದಾರಿ? ಅದು ನಿಮ್ಮದು, ನಮ್ಮದು, ಯಾವುದೋ ರೆಸಾರ್ಟಿನದು. ತಡ ಮಾಡಿದರೆ ಮುಂದಿನ ಭರತಕ್ಕೆ ಎಣ್ಣೆ ಹಳ್ಳದೊಳಗೆ ನುಗ್ಗಿ ಕಾಂಡ್ಲಾ ಗಿಡಗಳ ಬೇರು ಸೇರುತ್ತದೆ. ಅಲ್ಲಿಂದ ತೆಗೆಯುವುದು ಬಹಳ ಕಷ್ಟ. ಬೆಳಚು ಆರಿಸುವ ಹೆಂಗಸರ ಆ ವರ್ಷದ ಗಳಿಕೆ ಹೋದಂತೆಯೇ.

ಹೀಗಾಗಿ ಪ್ರಶ್ನೆ ಇಬ್ಬರದ್ದೂ ಹೌದು: ಗೇಟಿನ ಒಳಗಿರುವವರದ್ದು, ಹೊರಗೆ ನಿಂತವರದ್ದು.

ಈ ಪ್ರಶ್ನೆ ಎಷ್ಟು ಹಳೆಯದು ಗೊತ್ತೇ? 1606ನೇ ಇಸವಿಯಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರ ಮುಂದೆ ಒಂದು ತಕರಾರು ಬಂತು. ರಾಜನಿಗೆ ಮದ್ದುಗುಂಡು ಮಾಡಲು ಪೆಟ್ಲುಪ್ಪು ಬೇಕು. ಅದು ಸಿಗುವುದು ಜನರ ಕೊಟ್ಟಿಗೆ, ಪಾರಿವಾಳದ ಗೂಡುಗಳ ನೆಲದ ಮಣ್ಣಿನಲ್ಲಿ. ರಾಜನ ಆಳುಗಳು ಹೇಳದೆ ಕೇಳದೆ ಬಂದು ನೆಲ ಅಗೆಯಬಹುದೇ? ನ್ಯಾಯಾಧೀಶರು ಹೌದು ಎಂದರು, ಆದರೆ ಷರತ್ತು ಹಾಕಿದರು. ಜನ ವಾಸಿಸುವ ಮನೆಯ ನೆಲ ಮುಟ್ಟಬಾರದು. ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮೊದಲು ಮಾತ್ರ ಕೆಲಸ. ಅಗೆದ ಜಾಗವನ್ನು ಮೊದಲಿದ್ದಂತೆಯೇ ಮಾಡಿಕೊಡಬೇಕು. ಮಾತಿನ ನಡುವೆ ಅವರು ಕೊಟ್ಟ ಒಂದು ಉದಾಹರಣೆ ನಮ್ಮ ವಿಷಯಕ್ಕೆ ನೇರವಾಗಿ ಬರುತ್ತದೆ: ಶತ್ರು ಸಮುದ್ರದಿಂದ ಬಂದರೆ ಕಡಲಂಚಿನ ಯಾರದೇ ಜಮೀನಿಗೆ ನುಗ್ಗಿ ಕಂದಕ ತೋಡಬಹುದು, ದಿಬ್ಬ ಕಟ್ಟಬಹುದು. ಅಪಾಯ ಕಳೆದ ಮೇಲೆ ಅದನ್ನೆಲ್ಲ ತೆಗೆದು ಮಾಲೀಕನಿಗೆ ಜಮೀನು ಒಪ್ಪಿಸಬೇಕು.

ನಾಲ್ಕು ನೂರು ವರ್ಷ ಹಿಂದಿನ ಮಾತು. ಶತ್ರುವಿನ ಜಾಗಕ್ಕೆ ಎಣ್ಣೆ ಎಂದು ಓದಿಕೊಳ್ಳಿ, ಇವತ್ತಿನ ಕಾನೂನಿನ ಅರ್ಧಭಾಗ ಅಲ್ಲೇ ಇದೆ. ಒಳಗೆ ಬರಬಹುದು, ಮನೆಗೆ ಬೇರೆ ಮರ್ಯಾದೆ, ಬಯಲಿಗೆ ಬೇರೆ, ಹೊತ್ತು ನೋಡಬೇಕು, ಹೋಗುವಾಗ ಸರಿ ಮಾಡಿ ಹೋಗಬೇಕು.

ಈ ನಾಲ್ಕನ್ನೂ ಮರೆತರೆ ಏನಾಗುತ್ತದೆ ಎಂಬುದಕ್ಕೆ ನೀವು ಇಂಗ್ಲೆಂಡಿಗೆ ಹೋಗಬೇಕಿಲ್ಲ. ಚಿಂಚವಡದ ಚಾಪೇಕರ್ ಚೌಕದಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೀರಲ್ಲ, ಆ ಪ್ರತಿಮೆಗಳನ್ನು ನೋಡಿದರೆ ಸಾಕು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಪತ್ತೆಯಾಯಿತು. ಹಡಗು ದಾರಿಯಲ್ಲಿ ಬಂದ ರೋಗ ಎಂದೇ ಆಗಲೂ ಅಂದುಕೊಂಡಿದ್ದರು. ಅಂದರೆ ಅದೂ ಒಂದು ರೀತಿಯಲ್ಲಿ ಸಮುದ್ರ ತಂದುಹಾಕಿದ ಕಷ್ಟವೇ. ವರ್ಷ ಮುಗಿಯುವುದರೊಳಗೆ ರೈಲು ಹತ್ತಿ ಪುಣೆಗೂ ಬಂತು. 1897ರ ಫೆಬ್ರುವರಿ 4ರಂದು ಸರ್ಕಾರ ‘ಎಪಿಡೆಮಿಕ್ ಡಿಸೀಸಸ್ ಆಕ್ಟ್’ ಮಾಡಿತು. ಕಾಯ್ದೆ ಎಂದರೆ ಬರೀ ನಾಲ್ಕು ಸೆಕ್ಷನ್. ಸಾರಾಂಶ ಇಷ್ಟು: ಇರುವ ಕಾನೂನು ಸಾಲದು ಅನಿಸಿದರೆ ಸರ್ಕಾರ ತನಗೆ ಬೇಕೆನಿಸಿದ ಕ್ರಮ ತೆಗೆದುಕೊಳ್ಳಬಹುದು, ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸಕ್ಕೆ ಯಾರ ಮೇಲೂ ದಾವೆ ಹಾಕುವಂತಿಲ್ಲ. ಮನೆಯೊಳಗೆ ಬರುವುದು ಹೇಗೆ, ಯಾವ ಹೊತ್ತಿಗೆ, ಯಾರನ್ನು ಕೇಳಿ, ಹಾಳಾದ ಸಾಮಾನಿಗೆ ಯಾರು ಹೊಣೆ, ಇದೊಂದೂ ಅದರಲ್ಲಿ ಇಲ್ಲ.

ಮಾರ್ಚಿನಲ್ಲಿ ಪುಣೆಗೆ ವಿಶೇಷ ಪ್ಲೇಗ್ ಸಮಿತಿ ಬಂತು. ಅಧ್ಯಕ್ಷ ವಾಲ್ಟರ್ ಚಾರ್ಲ್ಸ್ ರ್‍ಯಾಂಡ್, ಐಸಿಎಸ್. ಮಾರ್ಚ್ 13ರಿಂದ ಮೇ 19ರವರೆಗೆ 893 ಮಂದಿ ಅಧಿಕಾರಿ-ಸೈನಿಕರು ಪೇಠೆಪೇಠೆಗಳಲ್ಲಿ ಮನೆ ಶೋಧನೆ ಮಾಡಿದರು. ರೋಗಿಯನ್ನು ಬಚ್ಚಿಟ್ಟಿದ್ದಾರೆಯೇ ಎಂದು ನೋಡುವುದು, ಸಿಕ್ಕರೆ ಆಸ್ಪತ್ರೆಗೆ, ಮನೆಯವರನ್ನು ಕ್ಯಾಂಪಿಗೆ, ಮನೆಗೆ ಸುಣ್ಣ, ನೆಲ ಅಗೆತ, ಬಟ್ಟೆಬರೆಗೆ ಬೆಂಕಿ. ಬಾಗಿಲು ತೆಗೆಯದಿದ್ದರೆ ಒಡೆಯುವುದು. ಬೂಟುಗಾಲು ಅಡಿಗೆಮನೆಗೆ ಬಂತು, ದೇವರಮನೆಗೆ ಬಂತು. ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದರೆಂಬ ದೂರು ಊರೆಲ್ಲ ಹಬ್ಬಿತು. ಸಮಿತಿಯ ಕಾಗದಪತ್ರಗಳಲ್ಲಿ ಹೆಂಗಸರ ಮರ್ಯಾದೆ ಕಾಯಬೇಕೆಂಬ ಸೂಚನೆಗಳಿದ್ದವು. ನಂಬಬಹುದಾದ ದೂರೊಂದೂ ಬರಲಿಲ್ಲ ಎಂದು ಅದರ ವರದಿ ಹೇಳಿತು. ಇದ್ದರೂ ಇರಬಹುದು. ಆದರೆ ದೂರು ಕೊಡಲು ಹೋಗಬೇಕಾದದ್ದು ಯಾರ ಹತ್ತಿರ? ಅದೇ ಸಮಿತಿಯ ಹತ್ತಿರ! ಇದನ್ನು ಓದುವಾಗ ನನಗೆ ಮೊದಲು ಕಾಣುವುದು ಅದೇ.

ಒಂದು ವಿಷಯ ಮರೆಯಬಾರದು. ಪ್ಲೇಗು ಸುಳ್ಳಾಗಿರಲಿಲ್ಲ. ಅದೇ ಮಾರ್ಚ್ 10ರಂದು, ಶೋಧನೆ ಶುರುವಾಗುವ ಮೂರು ದಿನ ಮೊದಲು, ಪ್ಲೇಗು ರೋಗಿಗಳ ಸೇವೆ ಮಾಡುತ್ತಲೇ ಸೋಂಕು ತಗಲಿ ಸಾವಿತ್ರಿಬಾಯಿ ಫುಲೆಯವರು ತೀರಿಕೊಂಡರು. ಯಾರೋ ಒಬ್ಬರು ಮನೆಮನೆಗೆ ಹೋಗಲೇಬೇಕಾಗಿತ್ತು. ಅವರೂ ಹೋದರು, ಸೈನಿಕರೂ ಹೋದರು. ಹೋದ ರೀತಿ ಬೇರೆ.

ಮುಂದಿನದು ನಿಮಗೆ ಗೊತ್ತು. ಜೂನ್ 22ರಂದು ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಔತಣ ಮುಗಿಸಿ ಗಣೇಶಖಿಂಡಿನ ಗವರ್ನರ್ ಬಂಗಲೆಯಿಂದ, ಅಂದರೆ ಇವತ್ತಿನ ವಿಶ್ವವಿದ್ಯಾಲಯದ ಕಡೆಯಿಂದ, ಹೊರಟ ರ್‍ಯಾಂಡ್ ಮೇಲೆ ದಾಮೋದರ ಚಾಪೇಕರ್ ಗುಂಡು ಹಾರಿಸಿದರು. ಬಾಲಕೃಷ್ಣ ಚಾಪೇಕರರ ಗುಂಡಿಗೆ ಲೆಫ್ಟಿನೆಂಟ್ ಆಯರ್ಸ್ಟ್ ಸ್ಥಳದಲ್ಲೇ ಸತ್ತ. ರ್‍ಯಾಂಡ್ ಜುಲೈ 3ರಂದು ಸಸೂನ್ ಆಸ್ಪತ್ರೆಯಲ್ಲಿ ಸತ್ತ. ದಾಮೋದರರಿಗೆ 1898ರ ಏಪ್ರಿಲ್ 18ರಂದು ಯೆರವಡಾದಲ್ಲಿ ಗಲ್ಲು. ತಮ್ಮಂದಿರಾದ ವಾಸುದೇವ, ಬಾಲಕೃಷ್ಣ ಇಬ್ಬರಿಗೂ ಮರುವರ್ಷ ಮೇ ತಿಂಗಳಲ್ಲಿ. ತಿಲಕರಿಗೆ ರಾಜದ್ರೋಹದ ಮೊಕದ್ದಮೆ, 18 ತಿಂಗಳ ಶಿಕ್ಷೆ. ಲಂಡನ್ನಿನಲ್ಲಿದ್ದ ಗೋಖಲೆಯವರು ಊರಿಂದ ಬಂದ ಪತ್ರಗಳನ್ನು ನಂಬಿ ಸೈನಿಕರ ಮೇಲೆ ಆರೋಪ ಮಾಡಿದರು. ವಾಪಸು ಬಂದಾಗ ಸಾಕ್ಷಿ ಹೇಳಲು ಯಾರೂ ಮುಂದೆ ಬರದೆ ಕ್ಷಮೆ ಕೇಳಬೇಕಾಯಿತು. ಎಪ್ಪತ್ತರ ದಶಕದ ಕೊನೆಗೆ ಇದರ ಮೇಲೆ ‘22 ಜೂನ್ 1897’ ಎಂಬ ಮರಾಠಿ ಚಿತ್ರ ಬಂತು. ಮರಾಠಿ ಅರ್ಥವಾಗುವವರು ಸಿಕ್ಕಿದರೆ ನೋಡಿ.

ಕೊಲೆಯ ಕತೆ ಎಲ್ಲರೂ ಹೇಳುತ್ತಾರೆ. ನನಗೆ ಕುತೂಹಲ ಇರುವುದು ಇನ್ನೊಂದರಲ್ಲಿ. ಅದೇ ಸರ್ಕಾರ, ಅದೇ ಕಾಲದಲ್ಲಿ, ಮನೆ ಬಾಗಿಲ ಮರ್ಯಾದೆ ಏನೆಂದು ತಿಳಿಯದಷ್ಟು ದಡ್ಡ ಸರ್ಕಾರ ಆಗಿರಲಿಲ್ಲ. ಮೂರೇ ವರ್ಷ ಹಿಂದೆ, 1894ರಲ್ಲಿ, ಭೂಸ್ವಾಧೀನ ಕಾಯ್ದೆ ಮಾಡಿದ್ದು ಅವರೇ. ಅದರ 4ನೇ ಸೆಕ್ಷನ್ ನೋಡಿ. ರೈಲು ಹಳಿಗೋ ಕಾಲುವೆಗೋ ಸರ್ವೆ ಮಾಡಲು ಬರುವ ನೌಕರ ಬಯಲು ಜಮೀನಿಗೆ ಬರಬಹುದು. ಆದರೆ ಕಟ್ಟಡಕ್ಕೋ, ಮನೆಗೆ ಸೇರಿದ ಅಂಗಳಕ್ಕೋ, ತೋಟಕ್ಕೋ ಕಾಲಿಡಬೇಕಾದರೆ ಮನೆಯವರ ಒಪ್ಪಿಗೆ ಬೇಕು, ಇಲ್ಲವೇ ಏಳು ದಿನ ಮುಂಚೆ ಬರಹದಲ್ಲಿ ನೋಟಿಸು ಕೊಡಬೇಕು. ಸರ್ವೆಯಲ್ಲಿ ಆದ ಹಾನಿಗೆ ದುಡ್ಡು ಕೊಡಬೇಕೆಂದು 5ನೇ ಸೆಕ್ಷನ್. ಸರಪಳಿ ಹಿಡಿದು ಬರುವವನಿಗೆ ಏಳು ದಿನದ ನೋಟಿಸು, ಬಂದೂಕು ಹಿಡಿದು ಬರುವವನಿಗೆ ಏನೂ ಬೇಡ!

ತುರ್ತು ಎಂದರೆ ಏಳು ದಿನ ಕಾಯಲಾಗದು, ನಿಜ. ಆದರೆ ನೋಟಿಸು ಬೇಡ ಅಂದರೆ ಉಳಿದ ಯಾವ ಕಟ್ಟುಪಾಡೂ ಬೇಡ ಎಂದಲ್ಲವಲ್ಲ?

ಇಲ್ಲಿಂದ ಎಪ್ಪತ್ತು ವರ್ಷ ದಾಟಿ ಬನ್ನಿ. ಸ್ವತಂತ್ರ ಭಾರತದಲ್ಲಿ ನದಿಗಳು ಕೊಳಕಾಗತೊಡಗಿದಾಗ ಬಾಗಿಲಿನ ಪ್ರಶ್ನೆ ಮತ್ತೆ ಎದ್ದಿತು. ಮಹಾರಾಷ್ಟ್ರ 1969ರಲ್ಲೇ ತನ್ನದೇ ಜಲಮಾಲಿನ್ಯ ತಡೆ ಕಾಯ್ದೆ ಮಾಡಿ 1970ರ ಸೆಪ್ಟೆಂಬರಿನಲ್ಲಿ ಮಂಡಳಿ ಕಟ್ಟಿತು. ಕೇಂದ್ರದ ಜಲ ಕಾಯ್ದೆ ಬಂದದ್ದು 1974ರಲ್ಲಿ. ನೀರು ರಾಜ್ಯಗಳ ವಿಷಯ, ಆದ್ದರಿಂದ ಕೆಲವು ರಾಜ್ಯಗಳ ಶಾಸನಸಭೆಗಳು ಕೇಳಿಕೊಂಡ ಮೇಲೆ ಸಂಸತ್ತು ಮಾಡಿದ ಕಾಯ್ದೆ ಇದು. ಹಾಗೆ ಕೇಳಿಕೊಂಡವರಲ್ಲಿ ಕರ್ನಾಟಕವೂ ಇತ್ತು. ಮಹಾರಾಷ್ಟ್ರ ತನ್ನದನ್ನು ಬಿಟ್ಟು ಇದಕ್ಕೆ ಸೇರಿದ್ದು 1981ರಲ್ಲಿ.

ಈ ಕಾಯ್ದೆಯಲ್ಲಿ ‘ತೊರೆ’ ಎಂಬ ಪದಕ್ಕೆ ಕೊಟ್ಟ ಅರ್ಥ ಓದಿದರೆ ನಗು ಬರುತ್ತದೆ. ನದಿ, ಹಳ್ಳ, ಕೆರೆ, ಅಂತರ್ಜಲ ಎಲ್ಲವೂ ತೊರೆಯೇ. ರಾಜ್ಯ ಸರ್ಕಾರ ಗೆಜೆಟ್ಟಿನಲ್ಲಿ ಗೊತ್ತುಪಡಿಸಿದಷ್ಟರ ಮಟ್ಟಿಗೆ ಸಮುದ್ರವೂ ತೊರೆಯೇ! ಅರಬ್ಬಿ ಸಮುದ್ರವನ್ನು ತೊರೆ ಎನ್ನಲು ಕಾನೂನಿಗೇ ಸಾಧ್ಯ. ಆದರೆ ಇದರ ಪರಿಣಾಮ ದೊಡ್ಡದು. ಪುಣೆಯ ಮುಠಾ ನದಿಗೆ ಅನ್ವಯಿಸುವ ಪ್ರವೇಶಾಧಿಕಾರವೇ ಕಡಲಂಚಿಗೂ ಅನ್ವಯಿಸುತ್ತದೆ. (ಮುಳಾ-ಮುಠೆಯ ನೀರು ಭೀಮೆಗೆ, ಭೀಮೆ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆ ಹಾದು ರಾಯಚೂರಿನ ಹತ್ತಿರ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ನಮ್ಮ ಅಡಿಗೆಮನೆಯ ಬಚ್ಚಲ ನೀರು ತವರಿನ ಊರುಗಳನ್ನು ನೋಡಿಕೊಂಡೇ ಸಮುದ್ರಕ್ಕೆ ಹೋಗುತ್ತದೆ. ಇರಲಿ.)

ಈ ಕಾಯ್ದೆಯ 23ನೇ ಸೆಕ್ಷನ್ನಿನಲ್ಲಿ ಮಂಡಳಿಯ ಅಧಿಕಾರಿಗೆ ಯಾವುದೇ ಜಾಗಕ್ಕೆ, ಯಾವುದೇ ಹೊತ್ತಿನಲ್ಲಿ, ಬೇಕಾದ ಸಹಾಯಕರೊಂದಿಗೆ ಹೋಗುವ ಹಕ್ಕಿದೆ. ‘ಯಾವುದೇ ಹೊತ್ತಿನಲ್ಲಿ’ ಎಂದು ಯಾಕೆ ಬರೆದರೆಂದು ಊಹಿಸುವುದು ಕಷ್ಟವಲ್ಲ. ಕೊಳಕು ನೀರನ್ನು ರಾತ್ರಿ ಎರಡು ಗಂಟೆಗೆ ಬಿಡುವವರ ಹತ್ತಿರ ಬೆಳಿಗ್ಗೆ ಹತ್ತಕ್ಕೆ ಹೋದರೆ ಸಿಗುವುದು ಚಹಾ ಮಾತ್ರ. ಆದರೆ ಅಲ್ಲೇ ಒಂದು ಚಿಕ್ಕ ತಡೆ ಇಟ್ಟಿದ್ದಾರೆ. ವಾಸದ ಮನೆಯ ಆವರಣದಲ್ಲಿ ಬಾವಿಯಿದ್ದು, ಅದರ ನೀರು ಮನೆ ಬಳಕೆಗೆ ಮಾತ್ರ ಆಗಿದ್ದರೆ, ಅದನ್ನು ನೋಡಲು ಬರುವವರು ಹೊತ್ತು ನೋಡಿ ಬರಬೇಕು. ಕಾರ್ಖಾನೆಗೆ ನಡುರಾತ್ರಿ, ಮನೆಯ ಬಾವಿಗೆ ಸಮಯ ಸಂದರ್ಭ. 1606ರ ಆ ಮನೆ-ಬಯಲು ಭೇದ ಇಲ್ಲಿಯವರೆಗೆ ನಡೆದು ಬಂದಿದೆ. ಇಡೀ ಕಾಯ್ದೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಲು ಇದೇ. ಬರೆದವರು ಯಾರೋ, ಊರ ಕಡೆ ಬೆಳಗಿನ ಹೊತ್ತು ಬಾವಿಕಟ್ಟೆಯ ಮೇಲೆ ಯಾರು ಇರುತ್ತಾರೆಂದು ತಿಳಿದವರೇ ಇರಬೇಕು.

ಇನ್ನು 21ನೇ ಸೆಕ್ಷನ್. ಒಳಗೆ ಬಂದ ಅಧಿಕಾರಿ ನೀರಿನ ಸ್ಯಾಂಪಲ್ ತೆಗೆದು ಸುಮ್ಮನೆ ಹೋಗುವಂತಿಲ್ಲ. ಪರೀಕ್ಷೆಗೆ ಕಳಿಸುತ್ತೇನೆಂದು ಅಲ್ಲೇ ನೋಟಿಸು ಕೊಡಬೇಕು. ಜಾಗದವರ ಎದುರಿನಲ್ಲೇ ಎರಡು ಪಾಲು ಮಾಡಬೇಕು. ಬಾಟಲಿಗೆ ಗುರುತು, ಮೊಹರು. ಅದರ ಮೇಲೆ ಇಬ್ಬರ ಸಹಿಯೂ. ನೀವು ಕೇಳಿದರೆ ಎರಡನೆಯ ಪಾಲು ಬೇರೊಂದು ಪ್ರಯೋಗಾಲಯಕ್ಕೆ ಹೋಗಬೇಕು. ಇದನ್ನು ಪಾಲಿಸದಿದ್ದರೆ ಆ ವರದಿ ಕೋರ್ಟಿನಲ್ಲಿ ಸಾಕ್ಷಿಯಾಗಿ ನಡೆಯುವುದಿಲ್ಲ. ಒಳಗೆ ಬಂದವನು ಏನು ಕಂಡೆ ಎನ್ನುತ್ತಾನೋ ಅದನ್ನು ಮನೆಯವನೂ ಪರೀಕ್ಷಿಸಿ ನೋಡಬಹುದು. 1897ರಲ್ಲಿ ಪುಣೆಯವರಿಗೆ ಸಿಗದೇ ಹೋದದ್ದು ಈ ಎರಡನೇ ಬಾಟಲಿ.

ತುರ್ತಿಗೆ 32ನೇ ಸೆಕ್ಷನ್ ಇದೆ. ಅಪಘಾತದಿಂದಲೋ ಅನಿರೀಕ್ಷಿತವಾಗಿಯೋ ವಿಷ ನೀರಿಗೆ ಸೇರಿದ್ದರೆ ಮಂಡಳಿ ಕೂಡಲೇ ತಾನೇ ಮುಂದೆ ನಿಂತು ತೆಗೆಸಬಹುದು. ಯಾಕೆ ಎಂಬ ಕಾರಣವನ್ನು ಮಾತ್ರ ಬರೆದಿಡಬೇಕು. ಬರೆದಿಡುವುದು ಸಣ್ಣ ವಿಷಯ ಅನಿಸಬಹುದು. ಆದರೆ ಆರು ತಿಂಗಳ ನಂತರ ಕೋರ್ಟಿನಲ್ಲಿ ನಿಮ್ಮ ವಕೀಲರು ಮೊದಲು ಕೇಳುವುದು ಆ ಕಾಗದವನ್ನೇ.

ಭೋಪಾಲದ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆಯ 10ನೇ ಸೆಕ್ಷನ್ನಿನಲ್ಲೂ ಪ್ರವೇಶಾಧಿಕಾರ ಇದೆ. ಆದರೆ ಅಲ್ಲಿ ‘ಯಾವುದೇ ಹೊತ್ತು’ ಹೋಗಿ ‘ಸೂಕ್ತ ಹೊತ್ತು’ ಎಂದಾಗಿದೆ. ಅಷ್ಟು ದೊಡ್ಡ ದುರಂತ ಆದ ಮೇಲೆ ಅಧಿಕಾರ ಹೆಚ್ಚಬೇಕಿತ್ತು, ಪದ ಮೆತ್ತಗಾಯಿತು. ಕಾನೂನು ಯಾವಾಗಲೂ ನೇರ ಗೆರೆಯಲ್ಲಿ ನಡೆಯುವುದಿಲ್ಲ.

ಇದೆಲ್ಲ ನೆಲದ ಕಡೆಯಿಂದ ಸಮುದ್ರಕ್ಕೆ ಹೋಗುವ ಕೊಳಕಿನ ಮಾತಾಯಿತು. ಹಡಗಿನಿಂದ ನೆಲಕ್ಕೆ ಬರುವ ಎಣ್ಣೆಯ ಕಾನೂನು ಬೇರೆ ದಾರಿಯಲ್ಲಿ ಬೆಳೆಯಿತು. 1967ರ ಮಾರ್ಚ್ 18ರಂದು ‘ಟೋರಿ ಕ್ಯಾನ್ಯನ್’ ಎಂಬ ಟ್ಯಾಂಕರ್ ಇಂಗ್ಲೆಂಡಿನ ಕಾರ್ನ್‌ವಾಲ್ ಹತ್ತಿರ ಬಂಡೆಗೆ ಹತ್ತಿತು. ಒಂದು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾ ಎಣ್ಣೆ. ಹಡಗು ಬೇರೆ ದೇಶದ್ದು, ಬಿದ್ದ ಜಾಗ ಆಗಿನ ಲೆಕ್ಕದಲ್ಲಿ ಯಾರಿಗೂ ಸೇರದ ಸಮುದ್ರ. ಕೊನೆಗೆ ಬ್ರಿಟಿಷ್ ವಾಯುಪಡೆ ಬಾಂಬು ಹಾಕಿ ಎಣ್ಣೆ ಸುಡಲು ನೋಡಿತು! ಪರರ ಆಸ್ತಿಯ ಮೇಲೆ ಹೀಗೆ ಕೈಮಾಡಬಹುದೇ ಎಂಬ ಪ್ರಶ್ನೆಗೆ 1969ರ ಬ್ರಸೆಲ್ಸ್ ಒಪ್ಪಂದ ಹೌದು ಎಂದಿತು: ದಡಕ್ಕೆ ಗಂಭೀರ ಅಪಾಯವಿದ್ದರೆ ದಡದ ದೇಶ ಹಡಗಿನ ವಿಷಯದಲ್ಲಿ ಮಧ್ಯೆ ಹೋಗಬಹುದು. ಬ್ರಿಟನ್ ಇನ್ನೂ ಒಂದು ಹೆಜ್ಜೆ ಇಟ್ಟು, 2003ರ ಕಾಯ್ದೆಯಲ್ಲಿ ಕಡಲಂಚಿನ ಜಮೀನು, ಕಟ್ಟೆ ನೋಡಿಕೊಳ್ಳುವವರಿಗೆ “ದಾರಿ ಬಿಡಿ, ಸೌಕರ್ಯ ಕೊಡಿ” ಎಂದು ನೇರವಾಗಿ ನಿರ್ದೇಶನ ಕೊಡುವ ಅಧಿಕಾರವನ್ನೇ ಬರೆಯಿತು.

ನಮ್ಮಲ್ಲಿ? 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಗೆ ಎಣ್ಣೆ ಮಾಲಿನ್ಯದ ಭಾಗ ಸೇರಿಸಿದರು. ಹಡಗು ಹತ್ತಿ ತಪಾಸಣೆ ಮಾಡುವುದು, ಮಾಲೀಕನಿಗೆ ನೋಟಿಸು ಕೊಡುವುದು, ಅವನು ಮಾಡದಿದ್ದರೆ ಸರ್ಕಾರವೇ ಕ್ರಮ ತೆಗೆದುಕೊಳ್ಳುವುದು ಅದರಲ್ಲಿತ್ತು. ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸದನ್ನು ಅಂಗೀಕರಿಸಿತು. ನೀರಿನ ಮೇಲಿನ ಕೆಲಸ ಕೋಸ್ಟ್ ಗಾರ್ಡಿನದು. ರಾಷ್ಟ್ರೀಯ ತೈಲ ಸೋರಿಕೆ ಯೋಜನೆ 1996ರಿಂದ ಅದರ ಕೈಯಲ್ಲಿದೆ. ಆದರೆ ಆ ಯೋಜನೆಯ ಪ್ರಕಾರ ಎಣ್ಣೆ ಮರಳು ಮುಟ್ಟಿದ ಕೂಡಲೇ ದಡ ಸ್ವಚ್ಛ ಮಾಡುವ ಹೊಣೆ ರಾಜ್ಯದ್ದು, ಜಿಲ್ಲಾಡಳಿತದ್ದು. ಚಿಕ್ಕಪ್ಪನ ಗೇಟಿನ ಮುಂದೆ ನಿಲ್ಲುವವರು ಇವರೇ.

ಅವರ ಕೈಯಲ್ಲಿರುವ ಗಟ್ಟಿ ಕಾಗದ ಎಂದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಸುನಾಮಿ ಬಂದ ಮರುವರ್ಷದ ಕಾಯ್ದೆ ಅದು. ಜಿಲ್ಲಾ ಪ್ರಾಧಿಕಾರ ಅವಶೇಷ ತೆಗೆಸಬಹುದು, ಪ್ರದೇಶಕ್ಕೆ ಓಡಾಟ ನಿಯಂತ್ರಿಸಬಹುದು. 65ನೇ ಸೆಕ್ಷನ್ ಪ್ರಕಾರ ರಕ್ಷಣಾ ಕೆಲಸಕ್ಕೆ ಬೇಕಾದ ಜಾಗ, ವಾಹನ, ಸಾಮಗ್ರಿಯನ್ನು ಬರಹದ ಆದೇಶದ ಮೂಲಕ ತಾತ್ಕಾಲಿಕವಾಗಿ ವಶಕ್ಕೆ ತೆಗೆದುಕೊಳ್ಳಬಹುದು. ತೈಲ ಸೋರಿಕೆ ‘ವಿಪತ್ತು’ ಆಗುತ್ತದೆಯೇ ಎಂದು ನೀವು ಕೇಳಬಹುದು. 2025ರ ಮೇ ತಿಂಗಳಲ್ಲಿ ‘ಎಂಎಸ್‌ಸಿ ಎಲ್ಸಾ 3’ ಹಡಗು 640 ಕಂಟೇನರುಗಳ ಸಮೇತ ಕೊಚ್ಚಿಯ ಆಚೆ ಮುಳುಗಿ, ತಿರುವನಂತಪುರದವರೆಗಿನ ಮರಳಿನ ಮೇಲೆ ಪ್ಲಾಸ್ಟಿಕ್ ಕಾಳು ಹರಡಿದಾಗ ಕೇರಳ ಸರ್ಕಾರ ಅದನ್ನು ರಾಜ್ಯ ವಿಪತ್ತು ಎಂದೇ ಘೋಷಿಸಿತು. ನಮ್ಮ ಉಳ್ಳಾಲದ ಎದುರಿಗೂ 2022ರ ಜೂನಿನಲ್ಲಿ ‘ಪ್ರಿನ್ಸೆಸ್ ಮಿರಾಲ್’ ಉಕ್ಕಿನ ಸರಕು, ಇಂಧನ ಎರಡನ್ನೂ ಹೊತ್ತು ಕುಸಿದು ನಿಂತಿತ್ತು; 15 ಮಂದಿ ಸಿರಿಯಾ ದೇಶದ ನಾವಿಕರನ್ನು ಕೋಸ್ಟ್ ಗಾರ್ಡ್ ಉಳಿಸಿತು. ಊರವರು ದಿನಗಟ್ಟಲೆ ಎಣ್ಣೆ ಬರುತ್ತದೋ ಎಂದು ನೀರು ನೋಡುತ್ತಾ ಇದ್ದರು.

ಇಷ್ಟರಲ್ಲಿ ಪುಣೆ ಎಲ್ಲಿ ಹೋಯಿತು ಅಂದಿರಾ? ವಾಪಸು ಬಂದಿದ್ದೇವೆ. ಸಮುದ್ರ ಕಾಣದ ಈ ಊರೇ 2013ರಿಂದ ಪಶ್ಚಿಮ ಕರಾವಳಿಯ ದೊಡ್ಡ ಪಾಲಿಗೆ ಪರಿಸರದ ಕೋರ್ಟು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪಶ್ಚಿಮ ವಲಯ ಪೀಠ ಇಲ್ಲಿದೆ. ಮಹಾರಾಷ್ಟ್ರ, ಗುಜರಾತ್, ಗೋವಾ ಅದರ ವ್ಯಾಪ್ತಿ. ಕರ್ನಾಟಕದ ಕರಾವಳಿ ಮಾತ್ರ ಚೆನ್ನೈ ಪೀಠಕ್ಕೆ. ಅಂದರೆ ‘ಓಷನ್ ಸೆರಾಯಾ’ದಂಥದು ಮತ್ತೆ ಆದರೆ ಕಾರವಾರದವರು ಚೆನ್ನೈಗೆ, ಕಾಣಕೋಣದವರು ಪುಣೆಗೆ!

2010ರ ಆಗಸ್ಟ್ 7ರಂದು ಮುಂಬಯಿ ಬಂದರಿನ ಬಾಯಲ್ಲಿ ‘ಎಂಎಸ್‌ಸಿ ಚಿತ್ರಾ’ ಮತ್ತು ‘ಖಲೀಜಿಯಾ’ ಡಿಕ್ಕಿ ಹೊಡೆದು ಸುಮಾರು 800 ಟನ್ ಎಣ್ಣೆ ಚೆಲ್ಲಿದ್ದು, ರಾಯಗಡದ ಕಾಂಡ್ಲಾ ಕಾಡು ಕಪ್ಪಾದದ್ದು, ಇಲ್ಲಿ ಪುಣೆಯಲ್ಲೂ ಜನ ಮೀನು ಕೊಳ್ಳಲು ಹಿಂಜರಿದದ್ದು ಹಳಬರಿಗೆ ನೆನಪಿರಬೇಕು. ಕಾಂಡ್ಲಾ ವಿಷಯದಲ್ಲಿ ಮುಂಬಯಿ ಹೈಕೋರ್ಟ್ 2005ರಲ್ಲೇ ಒಂದು ಮಾತು ಹೇಳಿತ್ತು, 2018ರಲ್ಲಿ ಅದನ್ನೇ ಗಟ್ಟಿ ಮಾಡಿತು: ಜಮೀನು ಯಾರದೇ ಇರಲಿ, ಕಾಂಡ್ಲಾ ಕಡಿಯುವಂತಿಲ್ಲ, ಅದರ ಸುತ್ತ 50 ಮೀಟರ್ ಕಟ್ಟಡ ಕೂಡದು. ಖಾಸಗಿ ಜಮೀನಿನ ಬೇಲಿ ಇಲ್ಲಿ ಇನ್ನಷ್ಟು ತೆಳ್ಳಗಾಯಿತು.

ಪುಣೆ ಪೀಠದ ಒಂದು ಆದೇಶ ಹೇಳಲೇಬೇಕು. 2015ರ ಫೆಬ್ರುವರಿ 27ರಂದು, ಉರಣದ 1,630 ಕೋಳಿ ಮೀನುಗಾರ ಕುಟುಂಬಗಳಿಗೆ 95.19 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಜವಾಹರಲಾಲ್ ನೆಹರು ಬಂದರು, ಸಿಡ್ಕೊ, ಒಎನ್‌ಜಿಸಿಗಳಿಗೆ ಅದು ಹೇಳಿತು. ಬಂದರಿನ ವಿಸ್ತರಣೆಗೆ ಮಣ್ಣು ತುಂಬಿ, ಕಾಂಡ್ಲಾ ಹೋಗಿ, ಅವರ ಮೀನಿನ ದಾರಿಯೇ ಮುಚ್ಚಿತ್ತು. ಇದು ಎಣ್ಣೆಯ ಕೇಸಲ್ಲ, ಗೇಟಿನ ಕೇಸೂ ಅಲ್ಲ. ಆದರೂ ಹೇಳಿದ್ದು ಯಾಕೆಂದರೆ, ನಾವು ಇಷ್ಟು ಹೊತ್ತು ಪಟ್ಟಾ ಇರುವವರ ಬಾಗಿಲ ಬಗ್ಗೆ ಮಾತಾಡಿದೆವು. ಕೋಳಿಗಳಿಗೆ ಖಾಡಿಯ ನೀರಿಗೆ ಪಟ್ಟಾ ಇರಲಿಲ್ಲ, ಬೇಲಿ ಇರಲಿಲ್ಲ. ಅವರಲ್ಲಿಗೆ ನುಗ್ಗಿದವರು ಯಾವ ನೋಟಿಸನ್ನೂ ಕೊಡಬೇಕಿರಲಿಲ್ಲ.

ಈಗ ಫೋನಿನ ಆ ತುದಿಯಲ್ಲಿ ಚಿಕ್ಕಪ್ಪ ಕಾಯುತ್ತಿದ್ದಾರೆ. ಬಿಡಿ ಎನ್ನಿ, ತಡೆಯುವುದು ತಪ್ಪು, ಮಂಡಳಿಯ ಅಧಿಕಾರಿಯನ್ನು ತಡೆದರೆ ಜಲ ಕಾಯ್ದೆಯ 42ನೇ ಸೆಕ್ಷನ್ನಿನಲ್ಲಿ ಮೂರು ತಿಂಗಳ ಜೈಲಿತ್ತು. 2024ರ ತಿದ್ದುಪಡಿ ಅದನ್ನು 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಬದಲಿಸಿದೆ. ಅದನ್ನು ಆಯಾ ರಾಜ್ಯದ ಶಾಸನಸಭೆ ಒಪ್ಪಬೇಕು. ಆದರೆ ದಣಪೆ ತೆಗೆಯುವ ಮೊದಲು ಬಂದವರ ಗುರುತಿನ ಚೀಟಿ ನೋಡಲು, ಯಾವ ಕಾಯ್ದೆಯ ಯಾವ ಆದೇಶ ಎಂದು ಕೇಳಿ ಒಂದು ಪ್ರತಿ ಇಟ್ಟುಕೊಳ್ಳಲು ಹೇಳಿ. ತೋಟದ ಫೋಟೋ ಈಗಲೇ ತೆಗೆಯಲಿ, ಅವರು ಹೋದ ಮೇಲೆ ಇನ್ನೊಮ್ಮೆ ತೆಗೆಯಲಿ. ಗುಂಡಿಗೆ ಕೆಳಗೆ ಹಾಳೆ ಹಾಸದೆ ಎಣ್ಣೆ ಮಣ್ಣು ಸುರಿಯಬಾರದೆಂದು ಗಟ್ಟಿಯಾಗಿ ಹೇಳಲಿ, ಬಾವಿ ಎಲ್ಲಿದೆ ಎಂದು ತೋರಿಸಲಿ. ಜಾಗ ವಶಕ್ಕೆ ಪಡೆದರೆ 66ನೇ ಸೆಕ್ಷನ್ನಿನಲ್ಲಿ ಪರಿಹಾರ ಇದೆ. ಆ ಊರಿನ ಬಾಡಿಗೆ ದರ ನೋಡಿ ಕೊಡಬೇಕು. ಕೊಟ್ಟದ್ದು ಸಾಲದು ಅನಿಸಿದರೆ ಮಧ್ಯಸ್ಥಗಾರರಿಗೆ ಒಪ್ಪಿಸಿ ಎಂದು ಅರ್ಜಿ ಹಾಕಲು 30 ದಿನ.